ಸವೆಯದ ಕೀಲಿಗಾಗಿ ಸವೆದ ಜೀವ: ಸರ್ ಜಾನ್ ಚಾರ್ನ್ಲಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವ ಹಿರಿಯರು ಬಹಳ ಮಂದಿ ಇದ್ದಾರೆ ಅನ್ನಿಸಿತು. ಆದ್ದರಿಂದ ನಾನು ಬೇರೆ ದಾರಿ ಹಿಡಿದಿದ್ದೇನೆ. ನಾವು ಕೂತಿದ್ದ ಅದೇ ಬೆಂಚುಗಳ ಮೇಲೆ ಕೂತು ಈಗ ಎಂಟನೇ ತರಗತಿಯಲ್ಲಿ ಘರ್ಷಣೆಯ ಪಾಠ ಓದುತ್ತಿರುವ ಮಕ್ಕಳಿಗೆ, ಆ ಒಂದು ಪಾಠದ ಮೇಲೆಯೇ ಇಡೀ ಜೀವನ ಕಳೆದ ಒಬ್ಬ ದೊಡ್ಡ ಮನುಷ್ಯರನ್ನು ಪರಿಚಯಿಸುತ್ತೇನೆ. ಅವರು ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಸರ್ ಜಾನ್ ಚಾರ್ನ್ಲಿ.

ಅವರ ಹೆಸರು ನನಗೆ ಗೊತ್ತಾದದ್ದು ನನ್ನ ಕೆಲಸದಿಂದ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಕೆಲವು ವರ್ಷಗಳಿಂದ ನಮ್ಮ ತಂಡ ಕೃತಕ ಕೀಲುಗಳನ್ನು ಪರೀಕ್ಷಿಸುವ ಯಂತ್ರಗಳಿಗೆ ಪ್ರೋಗ್ರಾಂ ಬರೆಯುತ್ತಿದೆ. ಲೋಹದ ಇಲ್ಲವೇ ಪಿಂಗಾಣಿಯ ಗುಂಡನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಕೂರಿಸಿ, ಮನುಷ್ಯ ನಡೆಯುವಾಗ ಬೀಳುವಷ್ಟೇ ಭಾರ ಹಾಕಿ, ಹಗಲು ರಾತ್ರಿ ಆಡಿಸುವ ಯಂತ್ರ ಅದು. ಹತ್ತು ಲಕ್ಷ ಸಲ ಆಡಿದರೆ ಒಬ್ಬ ಮನುಷ್ಯ ಸುಮಾರು ಒಂದು ವರ್ಷ ನಡೆದಂತೆ ಎಂಬುದು ಅಲ್ಲಿಯ ಲೆಕ್ಕ. ಆಮೇಲೆ ಬಟ್ಟಲನ್ನು ಹೊರತೆಗೆದು, ತೊಳೆದು, ಒಣಗಿಸಿ, ತೂಗಿ, ಎಷ್ಟು ಮಿಲಿಗ್ರಾಂ ಸವೆದಿದೆ ಎಂದು ಬರೆದಿಡುತ್ತಾರೆ. ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಚಾರ್ನ್ಲಿಯವರ ಕಥೆ.

ಬಾಲ್ಯ ಮತ್ತು ಓದು

ಜಾನ್ ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಬರಿ ಎಂಬ ಊರಿನಲ್ಲಿ. ಹತ್ತಿಗಿರಣಿಗಳಿಗೆ ಹೆಸರಾದ ಸೀಮೆ ಅದು. ತಂದೆಗೆ ಔಷಧಿ ಅಂಗಡಿ ಇತ್ತು. ತಾಯಿ ದಾದಿಯ ತರಬೇತಿ ಪಡೆದವರು. ಊರಿನ ಗ್ರಾಮರ್ ಸ್ಕೂಲಿನಲ್ಲಿ ಓದಿ, 1929ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ವೈದ್ಯಕೀಯ ಓದಲು ಸೇರಿದರು. 1935ರಲ್ಲಿ ಡಾಕ್ಟರ್ ಆದರು. ಮರುವರ್ಷವೇ ಶಸ್ತ್ರವೈದ್ಯರ ಎಫ್.ಆರ್.ಸಿ.ಎಸ್. ಪರೀಕ್ಷೆಯನ್ನೂ ಮುಗಿಸಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ.

ಎರಡನೇ ಮಹಾಯುದ್ಧ ಶುರುವಾದಾಗ ತಾವಾಗಿಯೇ ಸೇನೆಯ ವೈದ್ಯದಳಕ್ಕೆ ಸೇರಿದರು. 1940ರಲ್ಲಿ ಡನ್‌ಕರ್ಕ್ ಕಡಲತೀರದಿಂದ ಸೈನಿಕರನ್ನು ಹಡಗುಗಳಲ್ಲಿ ಸಾಗಿಸಿದ ಕಾರ್ಯಾಚರಣೆಯಲ್ಲಿ ಅವರೂ ಇದ್ದರು. ಆಮೇಲೆ ಈಜಿಪ್ಟಿಗೆ ಹೋದರು. ಅಲ್ಲಿ ಮೂಳೆ ಮುರಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಾ, ಸೇನೆಯ ಬಂದೂಕು, ಗಾಡಿ ರಿಪೇರಿಯ ಕಾರ್ಖಾನೆಯಲ್ಲೇ ಕಾಲಿಗೆ ಕಟ್ಟುವ ಆಸರೆಗಳನ್ನು ಹೊಸ ವಿನ್ಯಾಸದಲ್ಲಿ ಮಾಡಿಸಿದರು. ಡಾಕ್ಟರಿಗೂ ಫಿಟ್ಟರಿಗೂ ಇರುವ ದೂರವನ್ನು ಅವರು ಆಗಲೇ ದಾಟಿಬಿಟ್ಟಿದ್ದರು. ಮುಂದೆ ಮನೆಯಲ್ಲಿಯೇ ಒಂದು ಲೇತ್ ಇಟ್ಟುಕೊಂಡು, ರೋಗಿಗಳಿಗೆ ಹಾಕುವ ಬಟ್ಟಲುಗಳನ್ನು ತಾವೇ ಕಡೆದದ್ದೂ ಉಂಟು.

ಯುದ್ಧ ಮುಗಿದು ಊರಿಗೆ ಮರಳಿದ ಹೊಸದರಲ್ಲಿ ಅವರು ಮಾಡಿದ ಒಂದು ಕೆಲಸ ಅವರ ಸ್ವಭಾವವನ್ನು ತೋರಿಸುತ್ತದೆ. ಮೂಳೆಗೆ ಕಸಿ ಮಾಡಿದಾಗ ಅದು ಹೇಗೆ ಬೆಳೆಯುತ್ತದೆ ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ಬೇರೆಯವರ ಮೇಲೆ ಪ್ರಯೋಗ ಮಾಡುವ ಬದಲು, ಸಹೋದ್ಯೋಗಿಯೊಬ್ಬರಿಂದ ತಮ್ಮದೇ ಮೊಣಕಾಲ ಕೆಳಗಿನ ಮೂಳೆಗೆ ಕಸಿ ಮಾಡಿಸಿಕೊಂಡರು. ಗಾಯಕ್ಕೆ ಸೋಂಕು ತಗುಲಿ ಕೀವಾಯಿತು. ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. ಮೂಳೆಗೆ ಸೋಂಕು ತಗುಲುವುದು ಎಂದರೆ ಏನು ಎಂಬುದು ಅವರಿಗೆ ಪುಸ್ತಕದಿಂದ ಮಾತ್ರ ಗೊತ್ತಿದ್ದ ವಿಷಯವಲ್ಲ.

1947ರಲ್ಲಿ ಮ್ಯಾಂಚೆಸ್ಟರ್ ರಾಯಲ್ ಇನ್‌ಫರ್ಮರಿಯಲ್ಲಿ ತಜ್ಞ ವೈದ್ಯರಾದರು. 1950ರಲ್ಲಿ ಅವರ ಮೊದಲ ಪುಸ್ತಕ ಬಂತು. ಮುರಿದ ಮೂಳೆಗಳನ್ನು ಕೊಯ್ಯದೆ, ಕೈಯಿಂದಲೇ ಕೂಡಿಸಿ ಪ್ಲಾಸ್ಟರ್ ಹಾಕಿ ವಾಸಿ ಮಾಡುವುದು ಹೇಗೆ ಎಂಬುದು ಅದರ ವಿಷಯ. ಇಪ್ಪತ್ತನೇ ಶತಮಾನದ ಅತಿ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಒಂದನ್ನು ಕೊಟ್ಟ ಮನುಷ್ಯ ಮೊದಲು ಬರೆದದ್ದು ಕೊಯ್ಯದೇ ಇರುವುದು ಹೇಗೆ ಎಂದು!

ಕಿರುಗುಟ್ಟುವ ಕೀಲು

ಕೀಲು ಎಂಬ ನಮ್ಮ ಮಾತು ಎತ್ತಿನ ಗಾಡಿಗೂ ಸಲ್ಲುತ್ತದೆ, ಮನುಷ್ಯನ ಮೈಗೂ ಸಲ್ಲುತ್ತದೆ. ಗಾಡಿಗೆ ಕೀಲೆಣ್ಣೆ ಹಾಕದಿದ್ದರೆ ಕಿರುಗುಟ್ಟುತ್ತದೆ, ಎತ್ತು ದಣಿಯುತ್ತದೆ, ಅಚ್ಚು ಸವೆಯುತ್ತದೆ. ಸೊಂಟದ ಕೀಲು ಮೈಯಲ್ಲಿರುವ ಅತಿ ದೊಡ್ಡ ಕೀಲುಗಳಲ್ಲಿ ಒಂದು. ತೊಡೆಮೂಳೆಯ ತುದಿಯ ಗುಂಡು ಸೊಂಟದ ಮೂಳೆಯ ಬಟ್ಟಲಿನಲ್ಲಿ ಆಡುತ್ತದೆ. ಎರಡಕ್ಕೂ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ವಯಸ್ಸಾಗಿ ಅಥವಾ ಸಂಧಿವಾತದಿಂದ ಆ ಹೊದಿಕೆ ಸವೆದುಹೋದರೆ ಮೂಳೆಗೆ ಮೂಳೆ ಉಜ್ಜುತ್ತದೆ. ಆಗ ಒಂದೊಂದು ಹೆಜ್ಜೆಯೂ ನರಕ. ಮಲಗಿದರೂ ನೋವು. ಚಾರ್ನ್ಲಿಯವರ ಕಾಲದಲ್ಲಿ ಇಂಥವರಿಗೆ ಊರುಗೋಲು, ನೋವಿನ ಮಾತ್ರೆ, ಇಲ್ಲವೇ ಕೀಲನ್ನೇ ಬೆಸೆದು ಅಲುಗದಂತೆ ಮಾಡುವ ಶಸ್ತ್ರಚಿಕಿತ್ಸೆ, ಇಷ್ಟೇ ಇದ್ದದ್ದು.

ಪ್ಯಾರಿಸ್ಸಿನ ಜೂಡೆ ಸಹೋದರರು 1946ರಲ್ಲಿ ಒಂದು ಉಪಾಯ ಮಾಡಿದ್ದರು. ತೊಡೆಮೂಳೆಯ ಗುಂಡನ್ನು ತೆಗೆದು ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಗುಂಡು ಕೂರಿಸುವುದು. ಹಾಗೆ ಮಾಡಿಸಿಕೊಂಡ ಒಬ್ಬ ರೋಗಿ ಚಾರ್ನ್ಲಿಯವರ ಹತ್ತಿರ ಬಂದ. ಅವನ ದೂರು ನೋವಿನದಲ್ಲ, ಸದ್ದಿನದು. ಸೊಂಟ ಅಲುಗಿಸಿದರೆ ಕಿರ್ ಎನ್ನುತ್ತಿತ್ತು. ಆ ಸದ್ದು ತಡೆಯಲಾರದೆ ಹೆಂಡತಿ ಕೋಣೆ ಬಿಟ್ಟು ಎದ್ದು ಹೋಗುತ್ತಿದ್ದಳಂತೆ. ಇದನ್ನು ಕೇಳಿದ ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಚಾರ್ನ್ಲಿಯವರು ಸದ್ದಿನ ಕಾರಣ ಹುಡುಕಿದರು. ಸದ್ದು ಬರುತ್ತಿದೆ ಎಂದರೆ ಗುಂಡಿಗೂ ಬಟ್ಟಲಿಗೂ ಘರ್ಷಣೆ ಹೆಚ್ಚಿದೆ. ಘರ್ಷಣೆ ಹೆಚ್ಚಿದರೆ ಗುಂಡು ಬಟ್ಟಲಿನಲ್ಲಿ ಜಾರುವ ಬದಲು ತನ್ನ ಬುಡವನ್ನೇ ಎಳೆದಾಡಿ ಮೂಳೆಯಿಂದ ಸಡಿಲ ಮಾಡಿಕೊಳ್ಳುತ್ತದೆ. ಹಾಗಾದರೆ ಕೃತಕ ಕೀಲಿನ ಮುಖ್ಯ ಪ್ರಶ್ನೆ ಗಟ್ಟಿತನದ್ದಲ್ಲ, ಮೇಲ್ಮೈಯದು. ಅಲ್ಲಿಂದ ಮುಂದಿನ ಅವರ ಜೀವನವೆಲ್ಲ ಈ ಒಂದು ವಾಕ್ಯದ ವಿಸ್ತಾರ.

ಮ್ಯಾಂಚೆಸ್ಟರಿನ ಇಂಜಿನಿಯರುಗಳ ಜೊತೆ ಕೂತು ಕೀಲುಗಳ ಘರ್ಷಣೆಯನ್ನು ಅಳೆದರು. ನಿಸರ್ಗದ ಕೀಲು ಹಿಮದ ಮೇಲೆ ಜಾರುವ ಸ್ಕೇಟಿಗಿಂತಲೂ ನಯವಾಗಿ ಜಾರುತ್ತದೆ ಎಂದು ಕಂಡಿತು. ಅದಕ್ಕೆ ಕೀಲಿನ ದ್ರವ ಮಾತ್ರ ಕಾರಣವಲ್ಲ, ಮೃದ್ವಸ್ಥಿಗೂ ಆ ದ್ರವಕ್ಕೂ ಇರುವ ವಿಶೇಷ ನಂಟು ಕಾರಣ ಎಂದು ಅವರು ತೀರ್ಮಾನಿಸಿದರು. ಪ್ಲಾಸ್ಟಿಕ್ಕಿಗೆ, ಲೋಹಕ್ಕೆ ಆ ನಂಟು ಇಲ್ಲ. ಆದ್ದರಿಂದ ಎಣ್ಣೆಯ ಹಂಗಿಲ್ಲದೆ ತಾನಾಗಿಯೇ ಜಾರುವ ವಸ್ತು ಬೇಕು. ಆ ಕಾಲಕ್ಕೆ ಅಂಥ ವಸ್ತು ಎಂದರೆ ಟೆಫ್ಲಾನ್. ಈಗ ನಮ್ಮ ಮನೆಗಳ ದೋಸೆ ಕಾವಲಿಯ ಮೇಲಿರುವ ಕಪ್ಪು ಲೇಪ ಅದೇ.

ಮೂರು ಉಪಾಯಗಳು

1958ರ ಹೊತ್ತಿಗೆ ಚಾರ್ನ್ಲಿಯವರು ಟೆಫ್ಲಾನ್ ಬಟ್ಟಲುಗಳನ್ನು ರೋಗಿಗಳಿಗೆ ಹಾಕತೊಡಗಿದರು. ಕೆಲಸ ನಡೆದದ್ದು ವಿಗನ್ ಪಟ್ಟಣದ ಬಳಿಯ ರೈಟಿಂಗ್‌ಟನ್ ಆಸ್ಪತ್ರೆಯಲ್ಲಿ. ಅದು ಮೊದಲು ಕ್ಷಯರೋಗಿಗಳ ಆಸ್ಪತ್ರೆ. ಕ್ಷಯಕ್ಕೆ ಔಷಧಿ ಬಂದು ಹಾಸಿಗೆಗಳು ಖಾಲಿಯಾಗುತ್ತಿದ್ದ ಕಾಲ. ದೊಡ್ಡ ನಗರದ ದೊಡ್ಡ ಆಸ್ಪತ್ರೆಯ ಗೌರವ ಬಿಟ್ಟು, ಹಳ್ಳಿಗಾಡಿನ ಆ ಜಾಗವನ್ನೇ ಅವರು ತಮ್ಮ ಕಾರ್ಯಕ್ಷೇತ್ರ ಮಾಡಿಕೊಂಡರು. 1961ರಲ್ಲಿ ಅಲ್ಲಿ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಗೆಂದೇ ಒಂದು ಕೇಂದ್ರ ತೆರೆಯಿತು. ಪಕ್ಕದಲ್ಲೇ ಒಂದು ಪ್ರಯೋಗಶಾಲೆ, ಅದರಲ್ಲಿ ಲೇತು, ಮತ್ತು ಹ್ಯಾರಿ ಕ್ರೇವನ್ ಎಂಬ ಕುಶಲ ಫಿಟ್ಟರ್.

ಅಲ್ಲಿ ರೂಪುಗೊಂಡ ಕೀಲಿನಲ್ಲಿ ಮೂರು ಉಪಾಯಗಳಿದ್ದವು. ಮೊದಲನೆಯದು, ಜಾರುವ ಪ್ಲಾಸ್ಟಿಕ್ ಬಟ್ಟಲು.

ಎರಡನೆಯದು, ಚಿಕ್ಕ ಗುಂಡು. ಮನುಷ್ಯನ ತೊಡೆಮೂಳೆಯ ಗುಂಡು ನಿಂಬೆಹಣ್ಣಿಗಿಂತ ದೊಡ್ಡದು. ಚಾರ್ನ್ಲಿಯವರು ಲೋಹದ ಗುಂಡನ್ನು ಇಳಿಸುತ್ತಾ ಇಳಿಸುತ್ತಾ ಕೊನೆಗೆ 22.25 ಮಿ.ಮೀ.ಗೆ ತಂದರು. ಗಾಡಿಯ ಚಕ್ರ ದೊಡ್ಡದಾಗಿ ಅಚ್ಚು ಸಣ್ಣದಾಗಿದ್ದರೆ ಚಕ್ರ ಸಲೀಸಾಗಿ ತಿರುಗುತ್ತದೆ. ಯಾಕೆಂದರೆ ಘರ್ಷಣೆಯ ಬಲ ಕೇಂದ್ರಕ್ಕೆ ಹತ್ತಿರವಿದ್ದಷ್ಟೂ ಅದಕ್ಕೆ ಚಕ್ರವನ್ನು ತಡೆಯುವ ಶಕ್ತಿ ಕಡಿಮೆ. ಇಲ್ಲಿಯೂ ಅದೇ ಲೆಕ್ಕ. ಗುಂಡು ಚಿಕ್ಕದಾದರೆ ಬಟ್ಟಲನ್ನು ಸಡಿಲಿಸುವ ತಿರುಚು ಬಲ ಕಡಿಮೆಯಾಗುತ್ತದೆ. ಬಟ್ಟಲಿನ ಗೋಡೆ ದಪ್ಪ ಮಾಡಲು ಜಾಗವೂ ಸಿಗುತ್ತದೆ.

ಮೂರನೆಯದು, ಹಿಡಿತ. ಲೋಹದ ಕಾಂಡವನ್ನು ತೊಡೆಮೂಳೆಯ ಪೊಳ್ಳಿನಲ್ಲಿ ಅಲುಗದಂತೆ ಕೂರಿಸಬೇಕು. ಅದಕ್ಕೆ ಅವರು ಹಲ್ಲಿನ ಡಾಕ್ಟರುಗಳು ಕಟ್ಟುಹಲ್ಲು ಮಾಡಲು ಬಳಸುತ್ತಿದ್ದ ಅಕ್ರಿಲಿಕ್ ಹಿಟ್ಟನ್ನು ಬಳಸಿದರು. ಈ ಸಲಹೆ ಮ್ಯಾಂಚೆಸ್ಟರಿನ ದಂತವೈದ್ಯ ಶಾಲೆಯ ಡೆನ್ನಿಸ್ ಸ್ಮಿತ್ ಅವರಿಂದ ಬಂತು. ಇದು ಅಂಟಲ್ಲ. ಕಲ್ಲಿನ ಸಂದಿಗೆ ತುಂಬಿದ ಗಾರೆಯ ಹಾಗೆ ಮೂಳೆಯ ಸಣ್ಣ ಸಣ್ಣ ಗೂಡುಗಳಿಗೆ ಇಳಿದು, ಗಟ್ಟಿಯಾಗಿ, ಭಾರವನ್ನು ಸಮನಾಗಿ ಹಂಚುತ್ತದೆ.

ಮುನ್ನೂರು ಮಂದಿ

ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಊರುಗೋಲು ಬಿಟ್ಟು ನಡೆದರು. ನೋವು ಹೋಯಿತು. ಸುದ್ದಿ ಹಬ್ಬಿತು. ಸುಮಾರು 300 ಮಂದಿಗೆ ಟೆಫ್ಲಾನ್ ಬಟ್ಟಲು ಹಾಕಿದ್ದಾಯಿತು.

ಆಮೇಲೆ ಎಕ್ಸ್‌ರೇಗಳು ಬೇರೆ ಮಾತು ಹೇಳತೊಡಗಿದವು. ಲೋಹದ ಗುಂಡು ವರ್ಷದಿಂದ ವರ್ಷಕ್ಕೆ ಬಟ್ಟಲನ್ನು ಕೊರೆದು ಮೇಲಕ್ಕೆ ಏರುತ್ತಿತ್ತು. ಟೆಫ್ಲಾನ್ ಜಾರುತ್ತದೆ ನಿಜ, ಆದರೆ ಸವೆತ ತಡೆಯುವುದಿಲ್ಲ. ಸವೆದ ಪುಡಿ ಅದಕ್ಕಿಂತ ದೊಡ್ಡ ಆಪತ್ತು ತಂದಿತು. ಮೈ ಆ ಪುಡಿಯನ್ನು ಪರಕೀಯ ವಸ್ತುವೆಂದು ತಿಳಿದು ಸುತ್ತುಗಟ್ಟಿತು. ಕೀಲಿನ ಸುತ್ತ ಗಂಟು ಬೆಳೆದು, ಮೂಳೆ ಕರಗಿ, ಕೀಲು ಸಡಿಲವಾಯಿತು. ನಡೆದಾಡುತ್ತಿದ್ದವರು ಮತ್ತೆ ಕುಂಟತೊಡಗಿದರು.

ಚಾರ್ನ್ಲಿಯವರು ಇದನ್ನು ಮುಚ್ಚಿಡಲಿಲ್ಲ. ಕಂಪನಿಯ ಮೇಲಾಗಲೀ ರೋಗಿಗಳ ಮೇಲಾಗಲೀ ತಪ್ಪು ಹೊರಿಸಲಿಲ್ಲ. ಕೆಟ್ಟ ಕೀಲುಗಳನ್ನು ತಾವೇ ಮತ್ತೆ ಬಿಚ್ಚಿ ತೆಗೆಯುವ ಕಷ್ಟದ ಕೆಲಸಕ್ಕೆ ನಿಂತರು. ತಮ್ಮದೇ ತೊಡೆಯ ಚರ್ಮದ ಕೆಳಗೆ ಟೆಫ್ಲಾನ್ ತುಣುಕುಗಳನ್ನು ಸೇರಿಸಿಕೊಂಡು, ತಿಂಗಳುಗಟ್ಟಲೆ ಕಾದು, ಅಲ್ಲಿ ಗಂಟು ಬೆಳೆದದ್ದನ್ನು ಕಂಡು, 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇನ್ನೊಬ್ಬರು ಟೆಫ್ಲಾನ್ ಬಳಸದಿರಲಿ ಎಂಬುದೇ ಅದರ ಉದ್ದೇಶ.

ಮಗ್ಗದ ಹಲ್ಲುಚಕ್ರ

ದಾರಿ ತೆರೆದದ್ದು 1962ರ ಮೇ ತಿಂಗಳಲ್ಲಿ, ಯಾರೂ ಎಣಿಸದ ಕಡೆಯಿಂದ. ಒಬ್ಬ ಸೇಲ್ಸ್‌ಮನ್ ಒಂದು ಹೊಸ ಪ್ಲಾಸ್ಟಿಕ್ ತುಂಡನ್ನು ರೈಟಿಂಗ್‌ಟನ್ನಿನ ಪ್ರಯೋಗಶಾಲೆಗೆ ತಂದ. ಲ್ಯಾಂಕಾಷೈರಿನ ನೇಯ್ಗೆ ಗಿರಣಿಗಳಲ್ಲಿ ಮಗ್ಗದ ಹಲ್ಲುಚಕ್ರಗಳಿಗೆ ಅದನ್ನು ಬಳಸುತ್ತಿದ್ದರು. ಅದು ಒಂದು ಬಗೆಯ ಪಾಲಿಥಿನ್. ನಮ್ಮ ಅಂಗಡಿಯ ಕವರಿನದೇ ಜಾತಿ, ಆದರೆ ಅಣುಗಳ ಸರಪಳಿ ಬಹಳ ಬಹಳ ಉದ್ದ. ಆದ್ದರಿಂದ ಬಹಳ ಗಟ್ಟಿ. ಚಾರ್ನ್ಲಿಯವರು ಅದಕ್ಕೆ ಉಗುರು ಒತ್ತಿ ನೋಡಿ, ಇದರಿಂದ ಆಗುವುದಿಲ್ಲ ಎಂದು ಹೊರಟುಬಿಟ್ಟರು.

ಕ್ರೇವನ್ ಮಾತ್ರ ಬಿಡಲಿಲ್ಲ. ಸವೆತ ಅಳೆಯಲು ಒಂದು ಯಂತ್ರವನ್ನು ಆಗಲೇ ಅವರು ಕಟ್ಟಿದ್ದರು. ಚಾರ್ನ್ಲಿಯವರು ಸಮ್ಮೇಳನಕ್ಕೆಂದು ಕೋಪನ್‌ಹೇಗನ್ನಿಗೆ ಹೋದಾಗ ಆ ತುಂಡನ್ನು ಯಂತ್ರಕ್ಕೆ ಹಾಕಿ ಹಗಲು ರಾತ್ರಿ ಓಡಿಸಿದರು. ಮೂರು ವಾರ ಓಡಿದರೂ ಅದು ಸವೆದದ್ದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವುದಕ್ಕಿಂತ ಕಡಿಮೆ. ಮರಳಿ ಬಂದ ಚಾರ್ನ್ಲಿಯವರು ಅಂಕಿಗಳನ್ನು ನೋಡಿದ ಮೇಲೆ ತಮ್ಮ ಮೊದಲ ಮಾತಿಗೆ ಜೋತುಬೀಳಲಿಲ್ಲ. ಜಗತ್ಪ್ರಸಿದ್ಧರಾಗುತ್ತಿದ್ದ ಶಸ್ತ್ರವೈದ್ಯರು ಫಿಟ್ಟರೊಬ್ಬರ ತಾಳ್ಮೆಯ ಮುಂದೆ ಅಭಿಪ್ರಾಯ ಬದಲಿಸಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ದೊಡ್ಡ ಘಳಿಗೆ ಇಲ್ಲ.

ಈ ಪ್ಲಾಸ್ಟಿಕ್ಕನ್ನೂ ತಮ್ಮ ತೊಡೆಯೊಳಗೆ ಸೇರಿಸಿಕೊಂಡು ನೋಡಿದರು. ಟೆಫ್ಲಾನ್ ಇದ್ದ ಕಡೆ ಕೈಗೆ ಸಿಗುವಷ್ಟು ಗಂಟಾಗಿದ್ದರೆ, ಇದು ಇದ್ದ ಕಡೆ ಮೈ ಹೆಚ್ಚು ಸಿಟ್ಟಾಗಿರಲಿಲ್ಲ. 1962ರ ನವೆಂಬರಿನಲ್ಲಿ ಮೊದಲ ರೋಗಿಗೆ ಹೊಸ ಬಟ್ಟಲು ಹಾಕಿದರು.

ಕಾಯುವ ಶಿಸ್ತು

ಈ ಸಲ ಅವರು ಅವಸರ ಮಾಡಲಿಲ್ಲ. ಬೇರೆ ಡಾಕ್ಟರುಗಳು ಕೇಳುತ್ತಿದ್ದರು, ರೋಗಿಗಳು ಕಾಯುತ್ತಿದ್ದರು, ಮಾರುಕಟ್ಟೆ ತೆರೆದಿತ್ತು. ಆದರೂ ಹಲವು ವರ್ಷ ತಮ್ಮ ಆಸ್ಪತ್ರೆಯಲ್ಲಿಯೇ ಫಲಿತಾಂಶ ನೋಡಿದರು. ಕೀಲು ತಯಾರಿಸುತ್ತಿದ್ದ ಲೀಡ್ಸ್ ನಗರದ ಥ್ಯಾಕ್ರೆ ಕಂಪನಿಯು, ರೈಟಿಂಗ್‌ಟನ್ನಿಗೆ ಬಂದು ವಿಧಾನ ಕಲಿತು ಹೋದ ವೈದ್ಯರಿಗೆ ಮಾತ್ರ ಅದನ್ನು ಮಾರಬೇಕು ಎಂದು ಕಟ್ಟುಮಾಡಿದರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತೀರಿಕೊಂಡ ಮೇಲೆ ಕೀಲನ್ನು ಪರೀಕ್ಷೆಗೆ ಕೊಡಬೇಕೆಂದು ರೋಗಿಗಳಲ್ಲಿ ವಿನಂತಿಸಿದರು. ಬಹಳ ಮಂದಿ ಒಪ್ಪಿದರು. ತಮ್ಮನ್ನು ನಡೆಯುವಂತೆ ಮಾಡಿದ ಡಾಕ್ಟರಿಗೆ ಅವರು ಸಲ್ಲಿಸಿದ ಕೊನೆಯ ಕಾಣಿಕೆ ಅದು.

ಅವರ ಇನ್ನೊಂದು ದೊಡ್ಡ ಕೆಲಸ ಸೋಂಕಿನ ವಿರುದ್ಧದ್ದು. ಕೀಲಿನೊಳಗೆ ಸೋಂಕು ಸೇರಿದರೆ ಎಷ್ಟೇ ಒಳ್ಳೆಯ ಬಟ್ಟಲೂ ವ್ಯರ್ಥ. ಗಾಯಕ್ಕೆ ಬೀಳುವ ರೋಗಾಣುಗಳು ಗಾಳಿಯಿಂದ, ಸುತ್ತ ನಿಂತ ಡಾಕ್ಟರು ದಾದಿಯರ ಮೈಯಿಂದಲೇ ಬರುತ್ತವೆ ಎಂದು ಅವರು ನಂಬಿದ್ದರು. ಬೋಲ್ಟನ್ ಊರಿನ ಹೋವರ್ತ್ ಕಂಪನಿಯ ಜೊತೆ ಸೇರಿ, ಶಸ್ತ್ರಚಿಕಿತ್ಸೆಯ ಕೋಣೆಯೊಳಗೇ ಗಾಜಿನ ಮನೆಯಂಥ ಇನ್ನೊಂದು ಸಣ್ಣ ಕೋಣೆ ಕಟ್ಟಿ, ಅದರೊಳಗೆ ಶೋಧಿಸಿದ ಗಾಳಿ ಮೇಲಿನಿಂದ ಕೆಳಕ್ಕೆ ಹರಿಯುವಂತೆ ಮಾಡಿದರು. ಡಾಕ್ಟರು ಬಿಟ್ಟ ಉಸಿರನ್ನು ಕೊಳವೆಯಿಂದ ಹೊರಕ್ಕೆ ಸೆಳೆಯುವ ಮೈಮುಚ್ಚುವ ಉಡುಪು ಮಾಡಿಸಿದರು. ವರ್ಷಗಳ ಅವಧಿಯಲ್ಲಿ ಸೋಂಕಿನ ಪ್ರಮಾಣ ಶೇ. 7ರಿಂದ ಶೇ. 0.5ಕ್ಕೆ ಇಳಿಯಿತು. ಮುಂಜಾಗ್ರತೆಯ ಆಂಟಿಬಯಾಟಿಕ್ ಕೊಡದೆ, ಮುಖ್ಯವಾಗಿ ಗಾಳಿಯನ್ನು ಶುದ್ಧಗೊಳಿಸಿ ಸಾಧಿಸಿದ್ದು ಇದು.

1974ರಲ್ಲಿ ಅಮೆರಿಕದ ಲ್ಯಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ ಅವರನ್ನು ಹುಡುಕಿಕೊಂಡು ಬಂದವು. 1979ರಲ್ಲಿ ತಮ್ಮ ಅನುಭವವನ್ನೆಲ್ಲ ಒಂದು ದೊಡ್ಡ ಗ್ರಂಥದಲ್ಲಿ ಇಳಿಸಿದರು. 1982ರ ಆಗಸ್ಟ್ 5ರಂದು, ಎಪ್ಪತ್ತೊಂದು ತುಂಬಲು ಕೆಲವೇ ದಿನ ಇರುವಾಗ, ತೀರಿಕೊಂಡರು.

ಟೈಟಾನಿಯಂ ಬಂದ ಮೇಲೆ

ಚಾರ್ನ್ಲಿಯವರ ಕಾಂಡ ತುಕ್ಕು ಹಿಡಿಯದ ಉಕ್ಕಿನದು. ಈಗ ನಮ್ಮ ಪರೀಕ್ಷೆಗೆ ಬರುವ ಕಾಂಡಗಳಲ್ಲಿ ಹೆಚ್ಚಿನವು ಟೈಟಾನಿಯಂ ಮಿಶ್ರಲೋಹದವು. ಟೈಟಾನಿಯಂ ಹಗುರ, ಉಕ್ಕಿಗಿಂತ ಸುಮಾರು ಅರ್ಧದಷ್ಟೇ ಬಿರುಸು, ಆದ್ದರಿಂದ ಮೂಳೆಗೆ ಹೆಚ್ಚು ಹೊಂದುತ್ತದೆ. ಗಾಳಿ ತಾಗಿದ ಕೂಡಲೆ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಮೂಳೆ ಭೇಟಿಯಾಗುವುದು ಒಳಗಿನ ಲೋಹವನ್ನಲ್ಲ, ಈ ಪೊರೆಯನ್ನು. ಮೂಳೆ ಟೈಟಾನಿಯಂಗೆ ನೇರವಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳಲ್ಲಿ ಕಂಡಿದ್ದರು.

ಈ ಕೂಡಿಕೆಗೆ ನೆರವಾಗಲು ಕಾಂಡದ ಮೇಲ್ಮೈಯನ್ನು ಬೇಕೆಂದೇ ಒರಟು ಮಾಡುತ್ತಾರೆ. ಗಟ್ಟಿ ಪುಡಿಯನ್ನು ಜೋರಾಗಿ ಸಿಡಿಸುತ್ತಾರೆ, ಆಮ್ಲದಲ್ಲಿ ಅದ್ದುತ್ತಾರೆ, ಟೈಟಾನಿಯಂ ಪುಡಿಯನ್ನೇ ಕರಗುವಷ್ಟು ಕಾಯಿಸಿ ಎರಚಿ ಸಣ್ಣ ಸಣ್ಣ ರಂಧ್ರಗಳಿರುವ ಪದರ ಕಟ್ಟುತ್ತಾರೆ, ಅಥವಾ ಮೂಳೆಯಲ್ಲೇ ಇರುವ ಖನಿಜವಾದ ಹೈಡ್ರಾಕ್ಸಿಅಪಟೈಟ್ ಲೇಪಿಸುತ್ತಾರೆ. ಹೊಸ ಗಾರೆ ಹಿಡಿಯಲೆಂದು ಮೇಸ್ತ್ರಿ ಹಳೆಯ ಗೋಡೆಯನ್ನು ಕೊಚ್ಚುವ ಹಾಗೆ. ಮೂಳೆ ಆ ಒರಟಿನೊಳಗೆ ಬೆಳೆದು ಹಿಡಿದುಕೊಳ್ಳುತ್ತದೆ. ಅಲ್ಲಿ ಸಿಮೆಂಟೇ ಬೇಕಿಲ್ಲ. ಆದರೆ ಅದೇ ಟೈಟಾನಿಯಂನಿಂದ ಗುಂಡು ಮಾಡುವುದಿಲ್ಲ. ಉಜ್ಜಿದರೆ ಅದು ಸವೆದು ಪುಡಿಯಾಗುತ್ತದೆ. ಗುಂಡಿಗೆ ಕೋಬಾಲ್ಟ್ ಕ್ರೋಮಿಯಂ ಅಥವಾ ಪಿಂಗಾಣಿಯನ್ನು ಕನ್ನಡಿಯಂತೆ ನಯ ಮಾಡಿ ಬಳಸುತ್ತಾರೆ. ಒಂದೇ ಕೀಲು: ಹಿಡಿಯಬೇಕಾದ ಕಡೆ ಒರಟು, ಜಾರಬೇಕಾದ ಕಡೆ ನಯ. ಬಟ್ಟಲು ಬಹುಪಾಲು ಇವತ್ತಿಗೂ ಅದೇ ಮಗ್ಗದ ಚಕ್ರದ ಪಾಲಿಥಿನ್, ಇನ್ನಷ್ಟು ಸುಧಾರಿಸಿದ ರೂಪದಲ್ಲಿ.

ಇವತ್ತು ಪ್ರಪಂಚದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೊಂಟದ ಕೀಲು ಬದಲಿಸಿಕೊಳ್ಳುತ್ತಾರೆ. ನಮ್ಮೂರಲ್ಲೇ ಇಬ್ಬರು ಅಜ್ಜಿಯರು ಮಾಡಿಸಿಕೊಂಡಿದ್ದಾರೆ. ಚಕ್ಕಳಮಕ್ಕಳ ಕೂರಬಾರದು, ಕುಕ್ಕುರುಗಾಲಲ್ಲಿ ಕೂರಬಾರದು ಎಂದು ಡಾಕ್ಟರು ಹೇಳಿದ್ದೊಂದೇ ಅವರಿಗೆ ಬೇಸರ. ಉಳಿದಂತೆ ಸಂತೆಗೆ ಹೋಗಿಬರುತ್ತಾರೆ, ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಹೂವು ಕಟ್ಟುತ್ತಾರೆ. ಅವರು ಇಡುವ ಒಂದೊಂದು ಹೆಜ್ಜೆಯಲ್ಲೂ ಲ್ಯಾಂಕಾಷೈರಿನ ಆ ಪುಟ್ಟ ಪ್ರಯೋಗಶಾಲೆಯ ಮೂರು ವಾರ ಇದೆ.

ಮಕ್ಕಳೇ, ಚಾರ್ನ್ಲಿಯವರು ಬುದ್ಧಿವಂತರಾಗಿದ್ದರು ಎಂದು ಹೇಳಲು ನಾನು ಇದನ್ನೆಲ್ಲ ಬರೆಯಲಿಲ್ಲ. ಅವರು ಮುನ್ನೂರು ಮಂದಿಯ ಫಲಿತಾಂಶವನ್ನು ಮರೆಯಲಿಲ್ಲ, ಮುಚ್ಚಲಿಲ್ಲ, ಅದರಿಂದಲೇ ಮುಂದಿನ ಲಕ್ಷಾಂತರ ಮಂದಿ ಬದುಕಿದರು ಎಂಬುದಕ್ಕಾಗಿ ಬರೆದೆ. ಪರೀಕ್ಷೆ ಎಂಬ ಮಾತು ಕೇಳಿದರೆ ನಿಮಗೆ ಮಾರ್ಚ್ ತಿಂಗಳು ನೆನಪಾಗಬಹುದು. ನಿಜವಾದ ಪರೀಕ್ಷೆ ಎಂದರೆ ನಮಗೆ ಸರಿ ಅನ್ನಿಸಿದ್ದನ್ನು ಯಂತ್ರಕ್ಕೆ ಹಾಕಿ, ಕಾದು, ತೂಗಿ, ಬಂದ ಅಂಕಿಯನ್ನು ಹಾಗೇ ಬರೆದಿಡುವುದು.

ನಮ್ಮ ಬ್ಯಾಚಿನವರೆಲ್ಲ ಸೇರಿ ಈ ವರ್ಷ ಶಾಲೆಯ ವಿಜ್ಞಾನ ಕೊಠಡಿಗೆ ಒಂದು ಒಳ್ಳೆಯ ತಕ್ಕಡಿ, ನಾಲ್ಕು ವರ್ನಿಯರ್ ಕ್ಯಾಲಿಪರ್ ಕೊಡುತ್ತಿದ್ದೇವೆ. ಅವು ಬೀರುವಿನೊಳಗೆ ಹೊಳೆಯುತ್ತಾ ಕೂರದೆ, ಮಕ್ಕಳ ಕೈಯಲ್ಲಿ ಸವೆದುಹೋಗಲಿ. 

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು